ಬಂಗುಡೆಯ ಮಾನ ಕಳೆದ ಬಣ್ಣಯಂತ್ರಕ್ಕೆ

ನನ್ನ ಅಂಗಿಯ ಕಿಸೆಯಲ್ಲಿ ವಾಸವಾಗಿದ್ದು, ಗುಂಡಿ ಒತ್ತಿದೊಡನೆ ಊರಿಗೆಲ್ಲ ಕೇಳುವಂತೆ ಬಣ್ಣದ ಹೆಸರು ಸಾರುವ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ ಬ್ಯಾಟರಿಗೇ ನಮಸ್ಕರಿಸಿ ಆರಂಭಿಸುತ್ತೇನೆ.

ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯದ ಕಣ್ಣು ನನ್ನದು. ಕಾರ್ಮಿಕರ ಮೆರವಣಿಗೆಗೆ ಕೆಂಪೆಂದುಕೊಂಡು ರೈತರ ಹಸಿರು ಶಾಲು ಹೊದ್ದು ಹೋದಾಗ ಜನ ಅದನ್ನು ರೈತ-ಕಾರ್ಮಿಕ ಐಕ್ಯತೆಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಮೀನು ಅಷ್ಟು ಉದಾರಿಯಲ್ಲ. ಕಿವಿರು ಕೆಂಪಿದ್ದರೆ ತಾಜಾ, ಕಂದಾಗಿದ್ದರೆ ಹಳತು. ಕಂಡಕಂಡಲ್ಲಿಂದ ನಾನು ತಂದ ಹಳಸಲು ಮೀನಿನಿಂದ ರೋಸಿಹೋದ ಹೆಂಡತಿ ಹೇಮಾಕ್ಷಿ ತಮ್ಮನ್ನು ತರಿಸಿದಳು.

ತಮ್ಮನ್ನು ಮೊದಲು ಕರೆದೊಯ್ದದ್ದು ನಂತೂರಿನ ರಸ್ತೆಬದಿಯಲ್ಲಿ ನೀಲಿ ಟರ್ಪಾಲಿನಡಿ ಕೂರುವ, ನನಗೆ ಒಮ್ಮೆಯೂ ಕೆಟ್ಟ ಮೀನು ಕೊಡದ ಬೇಬಿಯಕ್ಕನ ಬುಟ್ಟಿಗೆ. ಬಂಗುಡೆಯ ಕಿವಿರಿಗೆ ಹಿಡಿದೆ. “ಕಡು ಕಂದು” ಎಂದು ತಾವು ಘೋಷಿಸಿದ್ದೇ ತಡ, ಗಿರಾಕಿಗಳು ಪಕ್ಕದ ಬುಟ್ಟಿಗೆ ಸರಿದರು.

“ಎಂತ ಮಾರಾಯ್ರೆ, ಬೆಳಿಗ್ಗೆ ಬೋಟಿನಿಂದ ಇಳಿದ ಮೀನು ಇದು! ನನ್ನ ಮುಖಕ್ಕೂ ಹಿಡೀರಿ, ನೋಡುವ!” ಎಂದರು ಬೇಬಿಯಕ್ಕ. ಹಿಡಿದೆ. ತಾವು “ನೀಲಿ” ಎಂದಿರಿ. “ಹಾಗಾದ್ರೆ ನಾನು ಸತ್ತು ಎಷ್ಟು ದಿನ ಆಯ್ತು ಅಂತಲೂ ಕೇಳಿ! ಆ ಮಿಷನ್ನೇ ಬಾಯಿಬಿಟ್ಟು ತಪ್ಪಾಯ್ತು ಅಂತ ಹೇಳುವವರೆಗೆ ನಿಮಗೆ ಇಲ್ಲಿ ಮೀನಿಲ್ಲ.”

ಜೀವಂತ ಮನುಷ್ಯರನ್ನು ಒಂದೇ ಮಾತಿನಲ್ಲಿ ಹೆಣವಾಗಿಸಿದ ತಮ್ಮ ಪ್ರತಿಭೆ ಯಾವ ಸರಕಾರಿ ಕಚೇರಿಗೂ ಕಡಿಮೆಯದಲ್ಲ. ಕಾಣದವನಿಗೂ ಕಾಣುವ ಹಕ್ಕುಂಟು, ಅದಕ್ಕಾಗಿ ಬೀದಿಗಿಳಿಯುತ್ತೇನೆ. ಆದರೆ ದುಡಿಯುವ ಹೆಂಗಸಿನ ಮಾನ ತುಳಿದು ಸಿಗುವ ಹಕ್ಕು ನನಗೆ ಬೇಡ. ಆದ್ದರಿಂದ, ಟರ್ಪಾಲಿನಡಿ ಎಲ್ಲವೂ ನೀಲಿಯಾಗುತ್ತದೆಂದು ತಿಳಿಯದ ತಮ್ಮ ಜನ್ಮದಾತ ಎಂಜಿನಿಯರರನ್ನು ಎಸಿ ಕೋಣೆಯಿಂದ ಎಬ್ಬಿಸಿ ಒಂದು ಬೆಳಿಗ್ಗೆ ಆ ಬುಟ್ಟಿಯ ಪಕ್ಕ ಕೂರಿಸತಕ್ಕದ್ದು. ತಾವೂ ಅಲ್ಲಿಯೇ, ಅದೇ ಎತ್ತರದ ದನಿಯಲ್ಲಿ, ತಪ್ಪಾಯಿತೆಂದು ಕೂಗತಕ್ಕದ್ದು. ಅಲ್ಲಿಯವರೆಗೆ ನಮ್ಮ ಮನೆಯ ಬದನೆ ಸಾಂಬಾರಿನಲ್ಲಿ ಸಮಪಾಲು ಉಣ್ಣತಕ್ಕದ್ದು. ಇದು ಮನವಿಯಲ್ಲ, ಹಕ್ಕೊತ್ತಾಯ!

ಮೀನಿಲ್ಲದೆಯೂ ತಮ್ಮ ವಿಶ್ವಾಸಿ,
ಪೂವಪ್ಪ

ತಾ.ಕ.: ಇಂದೂ ಬದನೆಯನ್ನೇ ಬಡಿಸಿದ ಹೇಮಾಕ್ಷಿಯ ಮುಖಕ್ಕೆ ತಮ್ಮನ್ನು ಹಿಡಿದೆ. “ತಿಳಿ ಗುಲಾಬಿ” ಎಂದಿರಿ. ಅದು ಕಡುಗೆಂಪೆಂದು, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ಕಣ್ಣಿಗೇ ಕಂಡಿತು.