ಜೀಪು ಎಳೆಯಿತು, ಪಿಕಪ್ಪೂ ಎಳೆಯಿತು

ಸೇಡಂ ಮತ್ತು ಶಹಾಬಾದಿನ ಸಂಬಂಧ ಹದಗೆಟ್ಟಿದೆ ಎಂಬ ಸುದ್ದಿ ವಾಡಿ ಸ್ಟೇಷನ್ನಿನವರೆಗೆ ಹಬ್ಬಿತ್ತು. ಸೇಡಮಿನ ನಮ್ಮ ಕಾಕಾನ ಜೀಪು ಹೆಚ್ಚು ಎಳೆಯುತ್ತದೋ, ನನಗೆ ಹೆಣ್ಣು ಕೊಡಲಿದ್ದ ಶಹಾಬಾದಿನ ಮಾವನವರ ಪಿಕಪ್ ಹೆಚ್ಚು ಎಳೆಯುತ್ತದೋ ಎಂಬುದೇ ಬಿಕ್ಕಟ್ಟು. ನಿಜಾಮಶಾಹಿ ಮುಗಿದ ಹೊಸತು. ಮಿಲಿಟರಿಯ ಹಳೆಯ ಗಾಡಿಗಳು ಹರಾಜಿಗೆ ಬರುತ್ತಿದ್ದವು. ಮನೆಗೊಂದು ಎಂಜಿನ್ ಬಂದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ.

೧. ನಿಶ್ಚಯದ ಊಟ

ಹೋಳಿಗೆಯವರೆಗೆ ಎಲ್ಲ ಸುಸೂತ್ರವಾಗಿತ್ತು. ಆಗ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯಾದ ಮಾವನವರು ನಮ್ಮ ಅಂಗಳದಲ್ಲಿದ್ದ ಜೀಪು ನೋಡಿ, "ಭಾಳ ಚಂದ ಅದರಿ. ಮುಂದಿನ ಗಾಜು ಮಡಚತದ, ಮ್ಯಾಲಿನ ಬಟ್ಟಿ ಮಡಚತದ. ಎಳಿಯೂ ಹೊತ್ತಿಗಿ ಗಾಲಿನೂ ಮಡಚತಾವೇನು?" ಎಂದರು.

ಕಾಕಾ ತುಪ್ಪ ಹಾಕಿಸಿಕೊಂಡು ಹೇಳಿದ: "ನಮ್ಮದು ನಾಕೂ ಗಾಲಿ ದುಡೀತಾವ್ರಿ. ನಿಮ್ಮದು ಹಿಂದಿನವೆರಡೇ ದುಡೀತಾವು. ಮುಂದಿನವೆರಡು ಬೀಗರಂಗ ಬರೇ ಜೊತಿಗಿ ಬರ್ತಾವು."

ಊಟ ಮುಗಿಯುವಷ್ಟರಲ್ಲಿ ಸೊಸೆಯನ್ನು ಜೀಪಿನಲ್ಲೇ ಸೇಡಮಿಗೆ ತರುವುದೆಂದು ಕಾಕಾನೂ, ಮಗಳನ್ನು ಪಿಕಪ್ಪಿನಲ್ಲೇ ಕಳಿಸುವುದೆಂದು ಮಾವನವರೂ ಪಣ ತೊಟ್ಟಿದ್ದರು. ಇಲ್ಲವಾದರೆ ಮದುವೆಯೇ ಬೇಡ ಎಂಬಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಬರೇ ವರ.

೨. ಚಪ್ಪರದ ಕಂಬ

ಜೀಪಿನ ಬಲ ತೋರಿಸಲೆಂದೇ ಕಾಕಾ ಮದುವೆ ಚಪ್ಪರದ ಕಂಬಗಳನ್ನು ಚಿಂಚೋಳಿಯಿಂದ ತರಲು ಹೊರಟ. ಎತ್ತಿನ ಚಕ್ಕಡಿ ಬೇಡವೆಂದ. ಮರದ ದಿಮ್ಮಿಗಳನ್ನು ಜೀಪಿನ ಹಿಂದೆ ಸರಪಳಿಯಿಂದ ಕಟ್ಟಿ ಸೇಡಮಿನವರೆಗೂ ನೆಲದ ಮೇಲೆ ಎಳೆತಂದ. ಜೀಪು ಎಲ್ಲಿಯೂ ನಿಲ್ಲಲಿಲ್ಲ. ಕಂಬಗಳು ಮಾತ್ರ ದಾರಿಯುದ್ದಕ್ಕೂ ಸವೆದು ಗಿಡ್ಡವಾಗಿದ್ದವು.

"ಇದರ ಕೆಳಗ ಮಂದಿ ಹ್ಯಾಂಗ ಬರಬೇಕೋ?" ಎಂದಳು ನಮ್ಮ ಅವ್ವ.

"ಬೀಗರು ಬಗ್ಗಿ ಬರ್ಲಿ, ವೈನಿ," ಎಂದ ಕಾಕಾ.

೩. ಚಿತ್ತಾಪುರದ ಬಯಲು

ಕೊನೆಗೆ ನಡುದಾರಿಯ ಚಿತ್ತಾಪುರದ ಬಯಲಿನಲ್ಲಿ ಪಂದ್ಯವಾಗಲೆಂದು ಹಿರಿಯರು ತೀರ್ಮಾನಿಸಿದರು. ಎರಡೂ ಗಾಡಿಗಳ ಬೆನ್ನಿಗೆ ಬೆನ್ನು ಹಚ್ಚಿ ಸರಪಳಿ ಬಿಗಿದರು. ಕಾಕಾ ನಡೆಸುವ ಜೀಪಿನ ಮುಖ ಸೇಡಮಿಗೆ, ಮಾವನವರು ನಡೆಸುವ ಪಿಕಪ್ಪಿನ ಮುಖ ಶಹಾಬಾದಿಗೆ. ಎಂಜಿನ್ನುಗಳು ಗುಡುಗಿದವು, ಗಾಲಿಗಳು ಇದ್ದಲ್ಲೇ ತಿರುಗಿ ಕಪ್ಪು ಎರಿಮಣ್ಣನ್ನು ನೆರೆದವರಿಗೆಲ್ಲ ಹಂಚಿದವು.

ಆಗ ಕಾಕಾನಿಗೆ ಬೀಗರ ಮರ್ಯಾದೆ ನೆನಪಾಯಿತು. "ನಿಮ್ಮ ಮಂದಿ ಬಿಸಿಲಾಗ ನಿಲ್ಲೂದು ನಮಗ ಶೋಭಾ ಅಲ್ಲರಿ. ಜೀಪಿನಾಗ ಬಂದು ಕುಂದರ್ಲಿ."

ಮಾವನವರು ತಮ್ಮವರಿಗೆ ಕಣ್ಸನ್ನೆ ಮಾಡಿದರು: ಹತ್ತಿ ಕುಳಿತು ಭಾರ ಹಾಕಿ, ಜೀಪು ಸೋಲಲಿ. ಅವರ ಪೈಕಿ ದಪ್ಪಗಿದ್ದವರೇ ಮೊದಲು ಏರಿದರು. ಮಾವನವರೂ ಮರ್ಯಾದೆಯಲ್ಲಿ ಹಿಂದೆ ಬೀಳದೆ ನಮ್ಮವರನ್ನು ಪಿಕಪ್ಪಿಗೆ ಕರೆದರು. ಕಾಕಾನೂ ಅದೇ ಸನ್ನೆ ಮಾಡಿದ. ನಾವು ಹತ್ತಿದೆವು, ನಾನೂ ಹತ್ತಿದೆ.

ಭಾರ ಬಿದ್ದಷ್ಟೂ ಗಾಲಿ ನೆಲ ಕಚ್ಚುತ್ತದೆ ಎಂಬುದು ಎರಡೂ ಕಡೆಯವರಿಗೆ ತಿಳಿದಿರಲಿಲ್ಲ. ಈಗ ಎರಡೂ ಗಾಡಿಗಳು ನಿಜವಾಗಿ ಎಳೆದವು. ಸರಪಳಿ ಗಟ್ಟಿಯಿತ್ತು. ಜೀಪಿನ ಕೊಕ್ಕೆ, ಪಿಕಪ್ಪಿನ ಹಿಂದಿನ ಪಟ್ಟಿ ಎರಡೂ ಕಿತ್ತು ಬಯಲಿನಲ್ಲೇ ಉಳಿದವು. ಕಾಕಾನ ಜೀಪು ಬೀಗರನ್ನು ಹೊತ್ತು ಸೇಡಮಿನತ್ತ, ಮಾವನವರ ಪಿಕಪ್ ನಮ್ಮನ್ನು ಹೊತ್ತು ಶಹಾಬಾದಿನತ್ತ ಹಾರಿದವು. ಮೊದಲು ಹಿಂದಿರುಗಿದವರು ಸೋತಂತೆ ಎಂದು ಇಬ್ಬರೂ ಗಾಡಿ ನಿಲ್ಲಿಸಲಿಲ್ಲ.

ಹೀಗೆ ಯಾರೂ ಕರೆಯದೆಯೇ ನಾನು ಮಾವನ ಮನೆಯ ಪಡಸಾಲೆಯಲ್ಲಿ, ಮೈತುಂಬ ಮಣ್ಣು ಮೆತ್ತಿಕೊಂಡು, ರೊಟ್ಟಿ ತಿನ್ನುತ್ತ ಕುಳಿತೆ. ಮಾವನವರು ಪಿಕಪ್ ಗೆದ್ದಿತೆಂದು ಹೇಳುತ್ತಲೇ ಇದ್ದರು. ಬಾಗಿಲ ಮರೆಯಿಂದ ನನ್ನ ಹೆಂಡತಿಯಾಗಬೇಕಿದ್ದವಳ ದನಿ ಕೇಳಿತು.

"ಅವ್ವಾ, ಎಳಿಯೂ ಗಾಡಿ ಎರಡೂ ಆದ್ವು. ಊರಿಗಿ ಮುಟ್ಟಿಸೂ ಗಾಡಿ ಒಂದರೆ ಅದ ಏನು, ಅಪ್ಪಗ ಕೇಳು. ನಾ ಅದರಾಗ ಹೋಗ್ತೀನಿ."

ಅವಳ ಮಾತು ಸೇಡಮಿನಲ್ಲಿ ಕಾಕಾನಿಗೆ ಮುಟ್ಟಿತು. ಪಿಕಪ್ ಅಲ್ಲವಾದರೆ ತನ್ನದೇನೂ ತಕರಾರಿಲ್ಲ ಎಂದ. ಜೀಪು ಅಲ್ಲವಾದರೆ ತಮ್ಮದೂ ಇಲ್ಲ ಎಂದರು ಮಾವನವರು.

ವಧು ಪ್ಯಾಸೆಂಜರ್ ರೈಲಿನಲ್ಲಿ ಬಂದಳು. ವಾಡಿಯಲ್ಲಿ ಗಾಡಿ ಬದಲಿಸಬೇಕಾಯಿತು. ಬೀಗರು ಚಪ್ಪರದೊಳಗೆ ಬಗ್ಗಿ ಬಂದರು.