ವರ್ನ್‌ನನ್ನು ಹೆಸರು ಹಿಡಿದು ಕರೆದದ್ದು

ವರ್ನ್ ಹಾಸ್ಕಿನ್ಸನ ಮಾನ ಹೋದದ್ದು ಗೇಟಿನಲ್ಲೇ. ನೇರ ದಾರಿಯಲ್ಲಿ ಕಾರು ಓಡಿಸುವ ಡ್ರ್ಯಾಗ್ ರೇಸಿನ ಪಿಟ್ಟಿನೊಳಗೆ, ಕಾರು ಬಿಚ್ಚಿ ಕಟ್ಟುವ ಜಾಗಕ್ಕೆ, ತನ್ನ ವಶೀಲಿಯಿಂದಲೇ ಪ್ರವೇಶ ಎಂದು ಅವನು ಜಗಲಿಯಲ್ಲಿ ಕೂತು ವರ್ಷಗಟ್ಟಲೆ ಕೊಚ್ಚಿಕೊಂಡಿದ್ದ. ಈ ಸಲ ಪಕ್ಕದ ಮನೆಯ ಗಸ್, ಲೋರ್ನಾ ದಂಪತಿ ಜೊತೆಗೇ ಬಂದುಬಿಟ್ಟರು.

"ಇವರು ನನ್ ಕಡೆಯವರು," ಎಂದ ವರ್ನ್, ಗತ್ತಿನಿಂದ.

"ಯಾರ ಕಡೆಯವರಾದ್ರೇನು? ಟಿಕೆಟ್ ಇದ್ದೋರೆಲ್ಲ ಒಳಗೆ ಹೋಗಬಹುದು," ಎಂದ ಗೇಟಿನವನು.

ಗಸ್ ಹೊಟ್ಟೆ ಹಿಡಿದು ನಕ್ಕ. "ಇದೇನಯ್ಯಾ ನಿನ್ ವಶೀಲಿ?"

"ರೇಸುಗಾರ ಕ್ಲೈಡ್ ಟಾಲಿವರ್ ನನ್ನ ಹೆಸರು ಹಿಡಿದು ಕರೀತಾನೆ, ನೋಡ್ತಿರು!" ರೋಷದಲ್ಲಿ ವರ್ನ್‌ನ ಬಾಯಿ ಜಾರಿತು.

"ಕರೀಲಿಲ್ಲ ಅಂದ್ರೆ, ಜಗಲಿ ಮೇಲೆ ಇನ್ನು ಈ ಕತೆ ಎತ್ತಬಾರದು," ಎಂದ ಗಸ್.

ನಿಜಕ್ಕೂ ಕ್ಲೈಡ್ ವರ್ನ್‌ನನ್ನು ಎಂದೂ ಮಾತಾಡಿಸಿದ್ದೇ ಇಲ್ಲ. ಆದರೆ ಹೆಂಡತಿ ನೋರ್ಮಾ ಹೋದ ಮೇಲೆ ಅವನಿಗೆ ಉಳಿದಿದ್ದು ಆ ಕತೆಯೊಂದೇ. ಪ್ರತಿ ವರ್ಷ ಜೊತೆಗೇ ಇಲ್ಲಿಗೆ ಬರುತ್ತಿದ್ದ ಅವಳೂ ಅದರಲ್ಲಿ ಇದ್ದಳು.

ಜನರನ್ನು ತಡೆಯಲು ಕಟ್ಟಿದ ಹಗ್ಗದಾಚೆ ಕ್ಲೈಡನ ಹುಡುಗರು ಇಂಜಿನ್ ಚಾಲೂ ಮಾಡಿದರು. ನೆಲ ನಡುಗಿತು. ನೈಟ್ರೋ ಇಂಧನದ ಹೊಗೆ, ಸದ್ದು ತಾಳದೆ ಗಸ್, ಲೋರ್ನಾ ಕಿವಿ ಮುಚ್ಚಿಕೊಂಡು ನಿಂಬೆ ಶರಬತ್ತಿನ ಅಂಗಡಿಯ ಹಿಂದಕ್ಕೆ ಓಟ ಕಿತ್ತರು. ವರ್ನ್ ಮಾತ್ರ ಎಂದಿನಂತೆ ಹಗ್ಗಕ್ಕೆ ಅಂಟಿಕೊಂಡು ಹೊಗೆಗೆ ಕಣ್ಣೀರು ಸುರಿಸುತ್ತ ನಿಂತ.

ಇಂಜಿನ್ ನಿಂತಿತು. ನರೆತ ತಲೆಯ ಕ್ಲೈಡ್ ಹೊಗೆ ತಡೆಯುವ ಮುಖವಾಡ ತೆಗೆದು ನೇರ ಅವನ ಬಳಿಗೇ ಬಂದ.

"ವರ್ನ್! ಹಿಂದೆ ಸರೀರಿ!"

ವರ್ನ್ ದಂಗಾದ.

"ನಿಮ್ಮ ಹೆಂಡ್ತಿ ಪ್ರತಿ ವರ್ಷ ಹಾಗೇ ಕೂಗ್ತಿದ್ರಲ್ಲ, ಇಂಜಿನ್‌ಗಿಂತ ಜೋರಾಗಿ! ಆ ಹೆಸರು ಮರೆಯೋಕಾಗುತ್ತಾ? ಎಲ್ಲಿ ಅವರು?"

"ಹೋದ ಚಳಿಗಾಲದಲ್ಲಿ ತೀರಿಕೊಂಡ್ಲು."

ಕ್ಲೈಡ್ ಗ್ರೀಸು ಮೆತ್ತಿದ ಕೈಯನ್ನು ವರ್ನ್‌ನ ಹೆಗಲ ಮೇಲಿಟ್ಟು ಒತ್ತಿದ. ಅಷ್ಟರಲ್ಲಿ ಸರದಿ ಬಂತು. ಕಾರನ್ನು ಎಳೆದುಕೊಂಡು ತಂಡವೆಲ್ಲ ಓಟದ ಗೆರೆಯತ್ತ ಹೊರಟುಹೋಯಿತು.

ಗಸ್ ಶರಬತ್ತು ಹೀರುತ್ತ ಬಂದ. "ಏನಯ್ಯಾ, ಕರೆದ್ನಾ?"

"ಕರೆದ! ಹೆಸರು ಹಿಡಿದೇ ಕರೆದ!"

"ನಾವು ಅತ್ಲಾಗೆ ಹೋದಾಗಲೇ ಕರೆದ್ನಾ? ಮಾತು ಅಂದ್ರೆ ಮಾತು ಕಣಯ್ಯಾ. ಇನ್ನು ಜಗಲೀಲಿ ಆ ಕತೆ ಇಲ್ಲ."

"ಸಾಕ್ಷಿ ಇದೆ! ನನ್ನ ಹೆಗಲ ಮೇಲೆ ಅವನ ಕೈ..."

ವರ್ನ್ ಹೆಗಲತ್ತ ತಿರುಗಿದ. ಲೋರ್ನಾ ಆಗಲೇ ತನ್ನ ಕರವಸ್ತ್ರವನ್ನು ಶರಬತ್ತಿನಲ್ಲಿ ಅದ್ದಿ ಉಜ್ಜಿ ಮುಗಿಸಿದ್ದಳು.

"ಎಲ್ಲಿ ಒರಗಿದ್ರೋ ಏನೋ, ಎಷ್ಟು ಗ್ರೀಸು! ನಿಂಬೆಹುಳಿಗೆ ಪೂರ್ತಿ ಹೋಯ್ತು ನೋಡಿ. ಅಯ್ಯೋ, ಇನ್ನೂ ಕಣ್ಣಲ್ಲಿ ನೀರು ಬರ್ತಿದೆಯಲ್ಲ ನಿಮಗೆ, ಎಂಥ ಕೆಟ್ಟ ಹೊಗೆ!"

ಹೊಗೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.