ದಾಸವಾಳಕ್ಕೆ ಅತ್ತೆ ಕತ್ತರಿ ಹಿಡಿದದ್ದು

ಹೊಸ ತಿಪ್ಪಸಂದ್ರದ ನಮ್ಮ ಮನೆಯ ಗೇಟಿಗೆ ಒರಗಿಕೊಂಡು ಒಂದು ಕೆಂಪು ದಾಸವಾಳವಿದೆ. ಭಗವಂತ ಅದರಲ್ಲಿ ಹೂ ಕೊಡದ ದಿನವೂ ನಗುವುದಕ್ಕೆ ಏನಾದರೊಂದು ಕೊಟ್ಟೇ ಇದ್ದಾನೆ.

ಎಲೆಯ ಫೋಟೋ

ಗಿಡ ಬೇಕಾಬಿಟ್ಟಿ ಬೆಳೆದು ಗೇಟನ್ನೂ ಮನೆ ನಂಬರನ್ನೂ ನುಂಗಿತ್ತು. ತುದಿಯಲ್ಲಿ ಒಂದೆರಡು ಹೂವು, ಕೆಳಗೆಲ್ಲ ಬರೀ ಕಡ್ಡಿ. ಒಮ್ಮೆ ಕೊರಿಯರ್ ಹುಡುಗನ ಫೋನು ಬಂತು.

"ಮೇಡಂ, ಗಿಡದ ಹತ್ರ ಇದ್ದೀನಿ. ಮನೆ ಎಲ್ಲಿ?"

"ಗಿಡದ ಹಿಂದೇನೇ ಇದೆಯಪ್ಪಾ."

ಕೊಂಬೆಗಳ ನಡುವೆ ಕೈ ತೂರಿಸಿ ಪಾರ್ಸಲ್ ತೆಗೆದುಕೊಂಡೆ. ಪುರಾವೆಗೆ ಫೋಟೋ ಬೇಕೆಂದು ಮೊಬೈಲ್ ಹಿಡಿದವನು ತಲೆ ಕೆರೆದುಕೊಂಡ. "ಬರೀ ಎಲೆ, ನಿಮ್ಮ ಬಳೆ ಬಂದಿದೆ ಮೇಡಂ. ಗಿಡಕ್ಕೇ ಡೆಲಿವರಿ ಆಯ್ತು ಅಂತ ಹಾಕ್ಲಾ?"

ಅರಿಶಿನ ಶಾಸ್ತ್ರ

ಕತ್ತರಿಸಿದರೆ ಪೊದೆ ತುಂಬಿ ಹೂ ಬಿಡುತ್ತದೆ ಎಂದರು ನಮ್ಮತ್ತೆ. ದೇವರ ಹೂವಿನ ಗಿಡಕ್ಕೆ ಕತ್ತರಿಯೇ ಎಂದು ನನಗೆ ಭಯ. ಸೋಮವಾರ ಶಿವನದ್ದು, ಶುಕ್ರವಾರ ದೇವಿಯದ್ದು ಎಂದು ಮುಂದೂಡುತ್ತಲೇ ಇದ್ದೆ. "ಅಷ್ಟು ದೇವರಿದ್ರೂ ಈ ಗಿಡ ಕಾಯೋಕೆ ನೀನೇ ಬೇಕೇನೇ? ಸರಿ ಆಚೆ!" ಎಂದು ಅತ್ತೆ ಸೆರಗು ಸಿಕ್ಕಿಸಿದರು. ಒಣಗಿದ್ದನ್ನೂ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನೂ ತೆಗೆದು, ಉಳಿದದ್ದನ್ನು ಗಿಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿದರು. ಆ ವಯಸ್ಸಿನಲ್ಲೂ ನಡುಗದ ಆ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಅತ್ತೆ ಗಿಡದ ಗಾಯಕ್ಕೆ ಅರಿಶಿನ ಮೆತ್ತುವಾಗ, ಎದುರು ಮನೆಗೆ ಶಿವಾಜಿನಗರದಿಂದ ಬಾಡಿಗೆಗೆ ಬಂದಿರುವ, ಬೀದಿಯವರೆಲ್ಲ ಆಪಾ ಎಂದು ಕರೆಯುವ ಮುಸ್ಲಿಂ ಅಕ್ಕ ಇಣುಕಿದರು.

"ಅಮ್ಮಾ, ಹಲ್ದಿ ಆಯ್ತು. ಶಾದಿ ಯಾವಾಗ?"

"ಗಂಡು ಒಪ್ಪಿದಾನಮ್ಮಾ. ಹೆಣ್ಣಿಗೆ ಸ್ವಲ್ಪ ಕೂದ್ಲು ಬೆಳೀಲಿ ಅಂತ ಕಾಯ್ತಿದೀವಿ!" ಎಂದರು ಅತ್ತೆ.

ಸಂತಾಪ

ವಾಕಿಂಗ್ ನೆಪದಲ್ಲಿ ಕವರ್ ತಂದು ದಿನಾ ನಮ್ಮ ಹೂ ಕೊಯ್ಯುವ ಹಿರಿಯರೊಬ್ಬರಿದ್ದಾರೆ. ಮಾರನೆಯ ಬೆಳಗ್ಗೆ ಆ ಮೋಟುಗಳ ಮುಂದೆ ನಿಂತು, ಮಂಕಿ ಟೋಪಿ ತೆಗೆದು, ಮೆಲ್ಲಗೆ ಕೇಳಿದರು: "ಯಾವಾಗ ಆಯ್ತಮ್ಮಾ?"

ಅತ್ತೆಗೆ ರೇಗಿತು. "ಸತ್ತಿಲ್ಲಾ ರೀ! ಇದರ ಹೂವು ದೇವರ ಮುಡಿಗೇರೋವರೆಗೂ ನಾನು ಕಾಫಿ ಮುಟ್ಟಲ್ಲ!"

ಹರಕೆ ಹೊತ್ತೇಬಿಟ್ಟರು. ಕಾಫಿಯಿಲ್ಲದ ಅತ್ತೆಯ ಮುಂದೆ ನಿಲ್ಲುವುದು ಸುಲಭವಲ್ಲ. ಅಂದಿನಿಂದ ದೇವರ ಮನೆ ಬಿಟ್ಟು ಕದಲದವರು ನಮ್ಮ ಮಾವ.

ಮೊದಲ ಹೂವು

ಕತ್ತರಿಸಿದ ಕಡೆಯೆಲ್ಲ ಒಂದಕ್ಕೆ ಎರಡು ಮೂರು ಚಿಗುರೊಡೆದು ಗಿಡ ದುಂಡಗಾಯಿತು. ಕೊನೆಗೂ ಒಂದು ಸಂಜೆ ಮೊಗ್ಗೊಂದು ಕೆಂಪು ತೋರಿಸಿತು. ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ಡಿಕಾಕ್ಷನ್ ಇಳಿಯಲು ಇಟ್ಟು, ಹೂಬುಟ್ಟಿ ಹಿಡಿದು ಬಾಗಿಲು ತೆಗೆದರೆ, ಆ ಹಿರಿಯರು ಅದನ್ನು ಕೊಯ್ದು ಕವರಿಗೆ ಹಾಕುತ್ತಿದ್ದಾರೆ! ನಾನು ರಾಮನಾಮ ಹೇಳಿ ಕಣ್ಣು ಮುಚ್ಚಿಕೊಂಡೆ.

"ಯಾವ ದೇವರಿಗೆ?" ಅತ್ತೆಯ ದನಿ ತಣ್ಣಗಿತ್ತು.

"ನಮ್ಮನೆ ಗಣಪನಿಗೆ..." ಅವರು ಕವರನ್ನು ಬೆನ್ನ ಹಿಂದೆ ಸರಿಸಿದರು.

"ಒಳ್ಳೇದಾಯ್ತು. ದೇವರ ಮುಡಿಗೆ ಅಂದಿದ್ದೆ, ನಮ್ಮನೆ ದೇವರೇ ಆಗ್ಬೇಕು ಅಂದಿರ್ಲಿಲ್ಲ. ನಡೀರಿ, ಏರಿಸೋದನ್ನ ಕಣ್ಣಾರೆ ನೋಡ್ಬೇಕು." ಅತ್ತೆ ಚಪ್ಪಲಿ ಮೆಟ್ಟಿ ಅವರ ಹಿಂದೆಯೇ ಹೊರಟರು. "ಹಾಗೇ ಮನೆಯವರಿಗೆ ಒಂದು ಫೋನ್ ಮಾಡ್ಬಿಡಿ. ಸ್ಟ್ರಾಂಗ್ ಕಾಫಿ, ದೊಡ್ಡ ಲೋಟ."